ನಾಲ್ಕು ಸ್ಪೀಕರುಗಳ ನಡುವೆ

ರೇಣುಕವ್ವ ಬಾಗಿಲು ದೂಡಿದಳು. ಒಳಗಿನಿಂದ ಚಿಲಕ ಬಿದ್ದಿತ್ತು.

ಹಾಡಹಗಲು, ಅದೂ ಸಂಶಿಯ ಸಂತೆಯ ದಿನ, ರೇಡಿಯೋ ರಿಪೇರಿ ಅಂಗಡಿಗೆ ಚಿಲಕವೇ! ಒಳಗೆ ಗಂಡ ಹೊಳೆಪ್ಪನಿದ್ದ. ಹತ್ತು ತಿಂಗಳ ಮಗಳು ಗೌರಿಯಿದ್ದಳು. ಕಾಯಿಪಲ್ಲೆ ತರಲು ಹೋಗುವಾಗ ಮಲಗಿದ್ದ ಕೂಸನ್ನು ಅವನ ಬಳಿಯೇ ಬಿಟ್ಟು ಹೋಗಿದ್ದಳು. ಎಂಥ ತಪ್ಪು ಮಾಡಿದೆನಪ್ಪಾ ಎಂದುಕೊಂಡಳು.

ಎಲ್ಲದಕ್ಕೂ ಕಾರಣ ಆ ಸುಡುಗಾಡು ರೇಡಿಯೋ ಸೆಟ್ಟು. ಊರ ಸಾಹುಕಾರ ಮಹಬೂಬಸಾಬರು ಮುಂಬೈಯಿಂದ ತರಿಸಿದ್ದು, ರಿಪೇರಿಗೆ ಬಂದಿತ್ತು. ಊರಿನ ಎಲ್ಲ ರೇಡಿಯೋಗಳೂ ಒಂದೇ ಕಡೆಯಿಂದ ಹಾಡಿದರೆ ಇದು ನಾಲ್ಕೂ ಮೂಲೆಯಿಂದ ಹಾಡುತ್ತಿತ್ತು. ನಾಲ್ಕು ಸ್ಪೀಕರು, ಒಂದೊಂದಕ್ಕೂ ನಲವತ್ತು ವ್ಯಾಟ್, ಎಂಟು ಓಮ್. ಸೆಟ್ಟಿನ ಜೊತೆ ಬಂದ ಪುಸ್ತಕವನ್ನು ಹೊಳೆಪ್ಪ ಉಣ್ಣುವಾಗಲೂ ಕೆಳಗಿಡುತ್ತಿರಲಿಲ್ಲ. ರಿಪೇರಿ ಮುಗಿದು ಮೂರು ದಿನವಾಗಿತ್ತು. ಸಾಬರು ಎರಡು ಸಲ ಆಳು ಕಳಿಸಿದರೂ, "ಇನ್ನೂ ಟೆಸ್ಟಿಂಗ್ ಐತ್ರಿ" ಎಂದು ಸುಳ್ಳು ಹೇಳಿ ಸಾಗಹಾಕಿದ್ದ.

ಆ ಮೂರು ದಿನದಲ್ಲಿ ಮನುಷ್ಯನೇ ಬದಲಾಗಿದ್ದ. ಮೊದಲೆಲ್ಲ ಹೊಸ್ತಿಲಲ್ಲೇ "ಗೌರವ್ವಾ" ಎಂದು ಕೂಗುತ್ತ ಬರುವವನು ಈಗ ಹೆಸರೇ ಎತ್ತುತ್ತಿರಲಿಲ್ಲ.

"ಯಾಕ್ರೀ, ಮಗಳನ್ನ ಕರಿಯೂದ ಬಿಟ್ರಲ್ಲಾ?" ಎಂದು ಕೇಳಿದ್ದಳು.

"ಕರದ್ರ ಏನ್ ಬಂತು?"

ಹೆಣ್ಣು ಹುಟ್ಟಿತೆಂದು ಅತ್ತೆ ಮುಖ ಸೊಟ್ಟ ಮಾಡಿದಾಗ ತಾಯಿಯ ಮೇಲೇ ಜಗಳಕ್ಕೆ ಹೋದವನು ಇವನೇ. ಈಗ ಇವನಿಗೇ ಏನು ಬಡಿದಿದೆ?

ನಿನ್ನೆ ಕಂಡದ್ದು ಮತ್ತೆ ಕಣ್ಣ ಮುಂದೆ ಬಂತು. ಕೂಸು ಗೋಡೆಗೆ ಮುಖ ಮಾಡಿ ಕೂತಿತ್ತು. ಬೆನ್ನ ಹಿಂದೆ ಹೊಳೆಪ್ಪ. ಒಂದು ಕೈಯಲ್ಲಿ ಖಾಲಿ ಡಬ್ಬಿ, ಇನ್ನೊಂದರಲ್ಲಿ ಎತ್ತಿ ಹಿಡಿದ ಸುತ್ತಿಗೆ. ಇವಳನ್ನು ನೋಡಿದ್ದೇ ತಡ, ಕೈ ಇಳಿಸಿಬಿಟ್ಟ.

"ಏನಿಲ್ಲ, ಮೊಳಿ ಬಡಿಯಾಕತ್ತಿದ್ದೆ" ಎಂದ. ಯಾವ ಗೋಡೆಯಲ್ಲೂ ಹೊಸ ಮೊಳೆ ಇರಲಿಲ್ಲ.

ಈಗ ಕರೆಂಟು ಬಂತು. ಒಳಗಿನಿಂದ ಗುಂಯ್ ಎಂದು ದನಿಯೆದ್ದಿತು. ಹಾಡಲ್ಲ, ಮಾತಲ್ಲ. ಕಾಲಡಿಯ ಕಟ್ಟೆ ಅದುರಿತು. ರೇಣುಕವ್ವ ಕಿಟಕಿಗೆ ಓಡಿದಳು.

ನಾಲ್ಕು ಸ್ಪೀಕರುಗಳ ನಟ್ಟನಡುವೆ ಕೌದಿ. ಕೌದಿಯ ಮೇಲೆ ಗೌರಿ. ಪಕ್ಕದ ಗಿರಣಿ ದಿನವೆಲ್ಲ ಗಡಗಡ ಎಂದರೂ ನಿದ್ದೆಗೆಡದ ಶಾಂತ ಕೂಸೆಂದು ಓಣಿಯೆಲ್ಲ ಮೆಚ್ಚಿದ ಕಂದ. ಹಿಂದೆ ನಿಂತ ಹೊಳೆಪ್ಪನ ಕೈ ಸೆಟ್ಟಿಗೆ ಜೋಡಿಸಿದ ಟೆಸ್ಟಿಂಗ್ ಯಂತ್ರದ ತಿರುಗಣೆಯ ಮೇಲಿತ್ತು, ಕಣ್ಣು ಕೂಸಿನ ಕತ್ತಿನ ಮೇಲಿತ್ತು. ದನಿ ಮೇಲೇರಿತು, ತೆಳ್ಳಗಾಯಿತು, ಹಲ್ಲು ಜುಮ್ಮೆನ್ನುವಷ್ಟು ಚೂಪಾಯಿತು.

"ಏನ್ರೀ! ಕೂಸಿನ ಕಿವಿ ಹರದು ಹೋಗ್ತಾವು, ಬಾಗಲಾ ತಗೀರಿ!"

ಅವನು ತಿರುಗಣೆಯನ್ನು ಇನ್ನಷ್ಟು ತಿರುವಿದ.

ರೇಣುಕವ್ವ ಭುಜ ಕೊಟ್ಟು ಬಾಗಿಲಿಗೆ ಗುದ್ದಿದಳು. ಮೂರನೆಯ ಏಟಿಗೆ ಚಿಲಕ ಕಿತ್ತು ಬಿತ್ತು. ಒಳನುಗ್ಗಿ ಮಗಳನ್ನು ಮಡಿಲಿಗೆ ಬಾಚಿಕೊಂಡು, ಎರಡೂ ಅಂಗೈಯಿಂದ ಅವಳ ಕಿವಿ ಮುಚ್ಚಿದಳು. ತಾಯಿಯ ಮುಖ ಕಂಡು ಗೌರಿ ಕಿಲಕಿಲ ನಕ್ಕಳು.

"ಹಡದ ಕೂಸನ್ನ ಕೊಲ್ಲಾಕ ನಿಂತೀಯೇನ್? ನೀ ಮನಷಾ ಹೌದಿಲ್ಲೋ?"

ಹೊಳೆಪ್ಪ ಸೆಟ್ಟು ಬಂದ್ ಮಾಡಿ ಅಲ್ಲೇ ನೆಲದ ಮೇಲೆ ಕುಸಿದ. ಅವನ ಗಲ್ಲ ಕಣ್ಣೀರಿನಿಂದ ತೊಯ್ದಿತ್ತು.

"ಮನಷಾರ ಕಿವಿಗೆ ಕೇಳೂವಂಥ ದನಿ ಎಲ್ಲಾ ಇದರಾಗ ಬರ್ತಾವಂತ ಆ ಪುಸ್ತಕದಾಗ ಬರದಾರ" ಎಂದ. "ಎಲ್ಲಾನೂ ಹಚ್ಚಿ ನೋಡಿದೆ, ರೇಣುಕಾ. ಒಂದಕ್ಕೂ ಕೂಸು ಹೊಳ್ಳಿ ನೋಡವಲ್ದು."