ಕೂಗುವ ಕೆಲಸ

“ಬಿಟ್ಬಿಡ್ರಪ್ಪಾ! ಎದೆ ನೋಯ್ತಿದೆ!”

ಓಬರ್ಗ್ ಕೂಗಿದ. ಒಹಾಯೊದ ಒಂದು ಕಾಲೇಜಿನ ನೆಲಮಾಳಿಗೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು, ಆರು ತಿಂಗಳಿಂದ ಇದೇ ಮಾತನ್ನು ಕೂಗುತ್ತಿದ್ದ. ಅದೇ ಅವನ ಕೆಲಸ. ಕೈಗೆ ಸುತ್ತಿದ್ದ ತಂತಿಯಲ್ಲಿ ವಿದ್ಯುತ್ತಿರಲಿಲ್ಲ; ಒಂದೊಂದು ಗುಂಡಿಗೂ ಶಾಕ್ ಹೆಚ್ಚುತ್ತದೆಂದು ನಂಬಿ ಗೋಡೆಯಾಚೆ ಒತ್ತುವವನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಬಿಳಿ ಕೋಟಿನವನೊಬ್ಬ ಪಕ್ಕದಲ್ಲಿ ನಿಂತು ‘ಮುಂದುವರಿಸಿ’ ಎಂದರೆ, ಸಾಮಾನ್ಯ ಮನುಷ್ಯ ಇನ್ನೊಬ್ಬನನ್ನು ಎಷ್ಟು ನೋಯಿಸಿಯಾನು? ಅದನ್ನು ಅಳೆಯುವ ಪ್ರಯೋಗ.

ಇಂದು ಎದೆ ನಿಜವಾಗಿಯೂ ನೋಯುತ್ತಿತ್ತು.

ಏಳಹೋಗಿ ಕುಸಿದುಬಿದ್ದ. ಬಾಗಿಲು ನಾಲ್ಕೇ ಹೆಜ್ಜೆ, ಕಾಲು ಅಲ್ಲಾಡಲಿಲ್ಲ. ಗೋಡೆಗೆ ಗುದ್ದಿದ. ಅಯ್ಯೋ, ಗುದ್ದುವುದೂ ನಾಟಕದಲ್ಲಿತ್ತಲ್ಲ!

“ಹ್ಯಾಗನ್! ನಿಜವಾಗ್ಲೂ ಕಣಯ್ಯಾ!”

ಬಿಳಿ ಕೋಟಿನ ಹ್ಯಾಗನ್ ಕದಲಲಿಲ್ಲ. ನಾಟಕಕ್ಕೆ ಹೊಸ ಮಾತು ಸೇರಿಸುವ ಚಾಳಿ ಓಬರ್ಗ್‌ಗೆ ಮೊದಲಿನಿಂದಲೂ ಇತ್ತು.

ಉಳಿದವನು ಪೆಟ್ರಿನ್, ಇಂದು ಗುಂಡಿ ಒತ್ತಲು ಬಂದಿದ್ದ ಕೊಳಾಯಿ ರಿಪೇರಿಯವನು. ಈ ನರಳಾಟವನ್ನು ನಂಬುವವನು ಇಡೀ ಕಟ್ಟಡದಲ್ಲಿ ಅವನೊಬ್ಬನೇ. ಅವನು ಎದ್ದು ಬಂದರೆ ಜೀವ ಉಳಿಯುತ್ತದೆ. ಆದರೆ ಹತ್ತರಲ್ಲಿ ಏಳು ಜನ ಕೊನೆಯ ಗುಂಡಿಯವರೆಗೂ ಒತ್ತುತ್ತಾರೆ. ದಿನಾ ಊಟಕ್ಕೆ ಕೂತಾಗ ಓಬರ್ಗ್ ಅದನ್ನೇ ಹೆಂಡತಿಗೆ ಹೇಳಿ ನಗುತ್ತಿದ್ದ. ಮಾಡಿದ್ದುಣ್ಣೋ ಮಹರಾಯ.

“ಏನ್ರೀ ಇದು, ಒಳಗಿರೋನು ಸಾಯೋ ಹಾಗಿದಾನೆ!” ಪೆಟ್ರಿನ್ ಹ್ಯಾಗನ್‌ನನ್ನು ಕೇಳಿದ.

“ಮುಂದುವರಿಸಿ.”

ಟಕ್.

“ಏನಾದ್ರೂ ಆದ್ರೆ ಯಾರ್ರೀ ಜವಾಬ್ದಾರಿ?”

“ನಾನು. ಮುಂದುವರಿಸಿ.”

ಟಕ್.

ಓಬರ್ಗ್ ನೆಲಕ್ಕೆ ಕೆನ್ನೆಯಿಟ್ಟು ಅತ್ತ. ಒತ್ತಬೇಡ ಮಾರಾಯ, ನಿನ್ನ ದಮ್ಮಯ್ಯ. ಬಾಯಿಂದ ಉಸಿರಷ್ಟೇ ಹೊರಟಿತು. ಅಷ್ಟರಲ್ಲಿ ಆಚೆ ಕುರ್ಚಿಯೊಂದು ಧಡಾರನೆ ಬಿತ್ತು.

“ನಿಮ್ಮ ಪ್ರಯೋಗಕ್ಕೆ ಬೆಂಕಿ ಬೀಳ! ಒತ್ತಲ್ಲ ನಾನು. ಸರೀರಿ ಪಕ್ಕಕ್ಕೆ, ಬಾಗ್ಲು ತೆಗೀತೀನಿ!”

ಬೂಟಿನ ಸದ್ದು ಹತ್ತಿರ ಬಂತು. ಬಾಗಿಲ ಹಿಡಿ ತಿರುಗಿತು. ಹತ್ತರಲ್ಲಿ ಮೂವರು, ಆ ಮೂವರಲ್ಲೊಬ್ಬ ತನ್ನ ಪಾಲಿಗೆ ಬಂದಿದ್ದ. ಓಬರ್ಗ್‌ನ ಕಣ್ಣು ತುಂಬಿತು.

“ನಿಲ್ಲಿ ಪೆಟ್ರಿನ್ ಅವ್ರೇ,” ಹ್ಯಾಗನ್ ನಗುತ್ತಿದ್ದ. “ನಿಲ್ಲಿಸಿದವರಿಗೆ ತಕ್ಷಣ ನಿಜ ಹೇಳ್ಬೇಕು, ಪಾಪ, ಯಾರೂ ಮನಸ್ಸಿಗೆ ಹಚ್ಕೊಂಡು ಹೋಗ್ಬಾರ್ದು. ಒಳಗಿರೋರು ನಮ್ಮೋರೇ. ಬರೀ ನಾಟಕ. ಬನ್ನಿ ಮೇಲೆ, ಕಾಫಿ ಕುಡೀತಾ ಎಲ್ಲಾ ಹೇಳ್ತೀನಿ.”

ಹಿಡಿ ಹಿಂದಕ್ಕೆ ತಿರುಗಿತು. ಪೆಟ್ರಿನ್ ನಿಟ್ಟುಸಿರು ಬಿಟ್ಟು, ಬಾಗಿಲಿಗೆ ಬಾಯಿಟ್ಟು ನಕ್ಕ: “ಭೇಷ್ ಕಣಯ್ಯಾ! ಜೀವ ಹೋಗೋ ಹಾಗೇ ಕೂಗಿದೆ!”