ಹಾಡಿನ ಬಂಡೆ

ಹಾಡು ಸಿನಿಮಾವನ್ನು ಓಡಿಸಿತೋ, ಸಿನಿಮಾ ಹಾಡನ್ನು ಓಡಿಸಿತೋ ಹೇಳುವುದು ಕಷ್ಟ. ಎರಡೂ ಸೇರಿ ವರ್ಷವಿಡೀ ಓಡಿದವು. ಬೆಟ್ಟದ ತುದಿಯಲ್ಲಿ ನಾಯಕ ಒಂಟಿ ಕಾಲಲ್ಲಿ ನಿಂತು, ಕೈ ಚಾಚಿ ಹಾಡುವ ಆ ಬಂಡೆಗೆ ಈಗ 'ಹಾಡಿನ ಬಂಡೆ' ಎಂದೇ ಹೆಸರು. ಸಿನಿಮಾದ ಎರಡನೇ ಭಾಗಕ್ಕೆ ಜಾಗ ನೋಡಲು ನಿರ್ದೇಶಕ ಅಲ್ಲಿಗೆ ಬಂದಾಗ, ಸೌತೆಕಾಯಿ ಮಾರುವ ಹೆಂಗಸೊಬ್ಬಳು ಅವನನ್ನು ಗುರುತು ಹಿಡಿದಳು.

"ನಿಮ್ ಸಿನಿಮಾ ಎಷ್ಟ್ ಸಲ ನೋಡಿದ್ನೋ ಲೆಕ್ಕ ಇಲ್ಲ ಸಾರ್. ಆ ಹಾಡು ಮುಗೀತಿದ್ದಂಗೆ ಎದ್ದು ಬಂದ್‌ಬಿಡ್ತೀನಿ."

ನಿರ್ದೇಶಕ ಹಿಗ್ಗಿದ. "ಹಾಡು ಅಷ್ಟು ಇಷ್ಟಾನಾ?"

"ಹೀರೋ ಕಾಲು ಎಲ್ಲಿಟ್ಟಿದ್ರು ಅಂತ ನೋಡ್ತೀನಿ. ಇಲ್ಲಿ ಬಂದು ಹುಡುಕಿದ್ರೆ ಅಂಥ ಜಾಗಾನೇ ಕಾಣಲ್ಲ."

ಅವನು ನಕ್ಕ. "ಹೇಗೆ ಕಾಣುತ್ತೆ? ಅವರು ನಿಂತಿದ್ದು ಸ್ಟುಡಿಯೋ ನೆಲದ ಮೇಲೆ. ಈ ಬಂಡೆ, ಪ್ರಪಾತ ಎಲ್ಲ ಬೇರೆಯಾಗಿ ಶೂಟ್ ಮಾಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸಿದ್ದು."

ಬಂಡೆಯ ಅಂಚಿಗೆ ಹೋಗಿ ಬಗ್ಗಿ ನೋಡಿದವನು ತಟ್ಟನೆ ಹಿಂದೆ ಸರಿದ.

"ಇಲ್ಲಿ ಯಾರಮ್ಮ ಒಂಟಿ ಕಾಲಲ್ಲಿ ನಿಲ್ತಾರೆ?"

"ನನ್ ಮಗ ನಿಂತಿದ್ದ ಸಾರ್."