ಐದನೇ ತಂತಿ

ಹೊಸ ಬಾಸ್ ಗಿಟಾರಿನಲ್ಲಿ ಮಾಮೂಲಿ ನಾಲ್ಕರ ಜೊತೆಗಿದ್ದ, ಅತಿ ತಗ್ಗು ದನಿಯ ಐದನೇ ತಂತಿಯನ್ನು ಶಿವಮೂರ್ತಪ್ಪ ಮೀಟಿದಾಗ ಹೊನ್ನಾಳಿಯ ಗಣಪತಿ ಪೆಂಡಾಲಿನ ಹಲಗೆಗಳು ಸಣ್ಣಗೆ ನಡುಗಿದವು. ಜಪಾನಿನ ಆ ವಾದ್ಯವನ್ನು ಅವನು ಬೊಂಬಾಯಿಯಿಂದ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದ. ಅವನ ಆರ್ಕೆಸ್ಟ್ರಾ ಕೇಳಲು ಹೆಂಡತಿ ರುದ್ರಾಣಿ ಇದೇ ಮೊದಲ ಸಲ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಹಾಡು ಅರ್ಧಕ್ಕೆ ಬಂದಿತ್ತು. ಮೈಕ್‌ಸೆಟ್ಟಿನ ಹನುಮಣ್ಣ ಗಾಬರಿಯಿಂದ ವೇದಿಕೆಗೆ ಓಡಿ ಬಂದ.

"ಎಲ್ಲೋ ಗುಂಯ್ ಅಂತೈತ್ರೀ, ನನ್ನ ಸ್ಪೀಕರ್ ಒಡ್ದು ಹೋಗ್ತಾವೆ!" ಎನ್ನುತ್ತ ಒಂದೊಂದೇ ವೈರು ಅಲುಗಾಡಿಸಿ, ಕೊನೆಗೆ ಬಾಸ್ ಗಿಟಾರಿನದನ್ನು ಕಿತ್ತ. "ಹಾಂ, ಈಗ ಹೋಯ್ತು ನೋಡ್ರಿ."

ಶಿವಮೂರ್ತಪ್ಪ ಬಾಯಿ ತೆರೆಯುವಷ್ಟರಲ್ಲಿ ಜನ ಚಪ್ಪಾಳೆ ತಟ್ಟಿದರು. ಹಾಡು ನಿಲ್ಲಲಿಲ್ಲ. ಸದ್ದಿಲ್ಲದ ತಂತಿಯನ್ನು ಮೀಟುತ್ತಲೇ ಅವನು ರುದ್ರಾಣಿಯ ಕಡೆ ನೋಡಿದ. ಅವಳು ಕಿವಿಗೆ ಒತ್ತಿಕೊಂಡಿದ್ದ ಸೆರಗನ್ನು ಆಗಷ್ಟೇ ತೆಗೆದು, ನಿರಾಳವಾಗಿ ನಗುತ್ತಿದ್ದಳು.